ಮಲ್ಲಿಗೆ ಬದುವಿನ ಕುಚ್ಚುಬಾಲದ ಜೀವ

ನಾನು ದೇವರನ್ನು ನಂಬುವವಳು, ಪವಾಡಗಳನ್ನು ನಂಬುವವಳಲ್ಲ. ಎರಡೂ ಒಂದೇ ಅಲ್ಲವೇನು ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸಿದ್ದೇ ಇಲ್ಲ. ಬೆಳಿಗ್ಗೆ ಎದ್ದಾಗ ಕೈಕಾಲು ಆಡಿದರೆ ಅದೊಂದು ಕೃಪೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲದಿದ್ದರೆ ಇನ್ನೊಂದು. ನಲ್ಲಿಯಲ್ಲಿ ನೀರು ಬಂದ ದಿನವಂತೂ ಶಿವ ನಮ್ಮ ಓಣಿಯಲ್ಲೇ ಓಡಾಡಿದ ಹಾಗೆ. ಇಂಥ ಸಣ್ಣ ಸಣ್ಣದನ್ನೇ ಎಣಿಸಿಕೊಳ್ಳುತ್ತ ದಿನ ಕಳೆಯುವ ನನ್ನ ಮುಂದೆ ಆತ ದೊಡ್ಡದೊಂದನ್ನು ಮಾಡಿ ತೋರಿಸುವ ಅಗತ್ಯವಾದರೂ ಏನಿದೆ ಎಂದುಕೊಂಡಿದ್ದೆ.

ದೆವ್ವ, ಗಾಳಿ, ಕಣ್ಣಿಗೆ ಬಿತ್ತು, ಕನಸಿನಲ್ಲಿ ಬಂತು ಎನ್ನುವ ಮಾತುಗಳೂ ಅಷ್ಟೇ. ನನ್ನ ತವರು ಕೂಡ್ಲಿಗಿ ಕಡೆ. ಅಲ್ಲಿ ನಮ್ಮ ದೊಡ್ಡಮ್ಮನ ಮೈಮೇಲೆ ಅಮಾವಾಸ್ಯೆಗೊಮ್ಮೆ ಯಾವುದೋ ಗಾಳಿ ಬರುತ್ತಿತ್ತು. ಬಂದಾಗಲೆಲ್ಲ ತುಪ್ಪದ ಹೋಳಿಗೆಯನ್ನೇ ಕೇಳುತ್ತಿತ್ತು, ಒಂದು ಸಲವಾದರೂ ಜೋಳದ ನುಚ್ಚು ಕೇಳಲಿಲ್ಲ. ಸಣ್ಣವಳಿದ್ದಾಗಲೇ ಅದನ್ನು ಕಂಡು ನನಗೆ ಇಂಥದ್ದರ ಮೇಲಿನ ನಂಬಿಕೆ ಹೋಯಿತು. ಯಾರಾದರೂ ಇಂಥ ಕಥೆ ಹೇಳಿದರೆ ಮನಸ್ಸಿನೊಳಗೆ ನಗುತ್ತ, ಹೊರಗೆ ಹೂಂ ಹೂಂ ಎನ್ನುತ್ತ ಕೇಳುತ್ತಿದ್ದೆ. ಈಗ ನನ್ನ ಕಥೆಯನ್ನು ನೀವೂ ಹಾಗೆಯೇ ಕೇಳಿದರೆ ನನಗೇನೂ ಬೇಸರವಿಲ್ಲ.

ನಮ್ಮೂರು ಹಡಗಲಿಯಿಂದ ಇಟ್ಟಿಗಿ ಕಡೆ ಹೋಗುವಾಗ ಸಿಗುತ್ತದೆ. ಒಂದಿಷ್ಟು ಮಲ್ಲಿಗೆ ಗಿಡ ಇಟ್ಟಿದ್ದೇವೆ. ಹಡಗಲಿ ಮಲ್ಲಿಗೆ ಎಂದರೆ ಎಲ್ಲರೂ ಮೂಗು ಅರಳಿಸುತ್ತಾರೆ, ಅದನ್ನು ಬಿಡಿಸುವವರ ಸೊಂಟ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಬಿಸಿಲು ಏರಿದರೆ ಮೊಗ್ಗು ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಮಲ್ಲಿಗೆಗೆ ದಾವಣಗೆರೆ ಪೇಟೆಯಲ್ಲಿ ಮರ್ಯಾದೆ ಇಲ್ಲ. ಅದಕ್ಕೇ ನಾವು ಹೆಂಗಸರು ಹಣೆಗೆ ಬ್ಯಾಟರಿ ಕಟ್ಟಿಕೊಂಡು ನಸುಕಿನ ಕತ್ತಲಲ್ಲೇ ಹೊಲಕ್ಕೆ ಇಳಿಯುತ್ತೇವೆ. ರಸ್ತೆಯಲ್ಲಿ ಹೋಗುವವರಿಗೆ ಕೊಳ್ಳಿದೆವ್ವಗಳು ಸಾಲಾಗಿ ನಡೆದಾಡಿದ ಹಾಗೆ ಕಾಣುತ್ತದಂತೆ. ಊರಿನ ಅರ್ಧ ದೆವ್ವಗಳು ನಾವೇ ಎಂದು ಗೊತ್ತಿದ್ದ ಮೇಲೆ ಉಳಿದ ಅರ್ಧಕ್ಕೆ ನಾನು ಹೆದರುವುದಾದರೂ ಹೇಗೆ?

ಗಿಡಗಳ ನಡುವೆ ಬುಟ್ಟಿ ಎಳೆದಾಡಲು ಆಗುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡು, ಬಿಡಿಸಿದ ಮೊಗ್ಗನ್ನೆಲ್ಲ ಅದರೊಳಗೆ ಹಾಕಿಕೊಳ್ಳುತ್ತೇವೆ. ತುಂಬಿದಾಗ ಬದುವಿನ ಮೇಲಿರುವ ಬುಟ್ಟಿಗೆ ಜಾಡಿಸಿ ಮತ್ತೆ ಸಾಲಿಗೆ ಬರುತ್ತೇವೆ. ನಮ್ಮತ್ತೆ ಆ ವಯಸ್ಸಿನಲ್ಲೂ ನಮಗಿಂತ ಮೊದಲು ಉಡಿ ತುಂಬಿಸುತ್ತಿದ್ದರು. ಅವರ ತವರು ಕೊಟ್ಟೂರು. ಮೈ ಕಡ್ಡಿ, ನಾಲಿಗೆ ಕುಡುಗೋಲು. ಸಕ್ಕರೆ ಕಾಯಿಲೆ ಇದ್ದರೂ ಗುಳಿಗೆಯನ್ನು ನುಂಗುವ ಬದಲು ಬೈಯುವುದೇ ಹೆಚ್ಚು.

ಐದಾರು ವರ್ಷದ ಹಿಂದಿನ ಬೇಸಿಗೆ. ಆ ನಸುಕಿನಲ್ಲಿ ಅತ್ತೆ ಗಿಡಕ್ಕೆ ಬಗ್ಗಿದಾಗ ಅವರ ಕೊರಳಿನ ಶಿವದಾರ ಹರಿಯಿತು. ಅತ್ತೆಗೆ ಬೆಳ್ಳಿ ಕರಡಿಗೆ ಗಿರಡಿಗೆ ಸೇರದು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ದಾರದಿಂದ ಎದೆಯ ಮೇಲೆ ಧರಿಸುತ್ತಿದ್ದರು. ಸಣ್ಣ ಹುಡುಗಿಯಾಗಿದ್ದಾಗ ಕೊಟ್ಟೂರಿನ ಗುರುಗಳು ಕೊಟ್ಟ ಲಿಂಗ ಅದು. ಬೀಳುವ ಮೊದಲೇ ಕೈಯಲ್ಲಿ ಹಿಡಿದರು. ಹೊಸ ದಾರ ಮನೆಯಲ್ಲಿತ್ತು, ಹೊಲದಲ್ಲಿ ಎಲ್ಲಿಂದ ತರುವುದು? ಲಿಂಗ ಮೈಮೇಲೆ ಇದ್ದರಾಯಿತಲ್ಲ, ಉಡಿಯೂ ಮೈಯೇ ಅಲ್ಲವೇನು ಎಂದುಕೊಂಡು ಉಡಿಯ ಮೂಲೆಯಲ್ಲಿ ಇಟ್ಟುಕೊಂಡರು. ಆಮೇಲೆ ಕೈ ತನ್ನ ರೂಢಿಯಂತೆ ಮೊಗ್ಗು ಬಿಡಿಸಿತು, ಉಡಿ ತುಂಬಿಸಿತು, ಜಾಡಿಸಿತು, ಮತ್ತೆ ತುಂಬಿಸಿತು, ಮತ್ತೆ ಜಾಡಿಸಿತು. ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂತಾಗಲೇ ಅವರಿಗೆ ನೆನಪಾದದ್ದು.

ಅವರು ಅಳಲಿಲ್ಲ. ಪೂಜೆಯ ಮಣೆ ಬಿಟ್ಟು ಎದ್ದು ಬಂದು, "ಲಿಂಗ ಹೋತು. ಇನ್ನ ಸಿಗೋತನಕ ನನ್ನ ಮುಂದ ತಾಟು ತಂಬಿಗಿ ತರಬ್ಯಾಡ್ರಿ," ಎಂದರು. ಅಷ್ಟೇ.

ಲಿಂಗ ಕಳೆದರೆ ಸಿಗುವ ತನಕ ಅನ್ನ ನೀರು ಮುಟ್ಟಬಾರದು ಎಂಬುದು ನಮ್ಮ ಹಳಬರ ನೇಮ. ಈಗ ಅಷ್ಟು ಬಿಗಿಯಾಗಿ ಹಿಡಿಯುವವರು ಕಡಿಮೆ. ಮಠಕ್ಕೆ ಹೋಗಿ ಅಯ್ಯನವರ ಕೈಯಿಂದ ಬೇರೊಂದು ಪಡೆಯುತ್ತಾರೆ. ಅತ್ತೆ ಮಾತ್ರ ಹಳಬರಲ್ಲೇ ಹಳಬರು. ಬೇಸಿಗೆಯ ಬಿಸಿಲು, ಆ ವಯಸ್ಸು, ಆ ಸಕ್ಕರೆ ಕಾಯಿಲೆ. ನೀರು ಸಹ ಬೇಡವೆಂದರೆ ಏನಾಗಬಹುದೆಂದು ನಮಗೆಲ್ಲ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಹೂವಿನ ಚೀಲ ದಾವಣಗೆರೆ ಬಸ್ಸು ಹತ್ತಿಯಾಗಿತ್ತು. ನಮ್ಮ ಮನೆಯವರು ಪೇಟೆಯ ದಲಾಲಿಗೆ ಫೋನು ಮಾಡಿದರು. ಆತ ಒಳ್ಳೆಯವನು, ಅದೊಂದು ಪುಣ್ಯ. ನಮ್ಮ ಹೂವನ್ನು ಮಾರದೆ ಚಾಪೆಯ ಮೇಲೆ ಸುರಿದು ಮೊಗ್ಗು ಮೊಗ್ಗು ಆರಿಸಿ ನೋಡಿದನಂತೆ. ಮಧ್ಯಾಹ್ನ ಅವನ ಫೋನು ಬಂತು, ನಾನೇ ಎತ್ತಿದೆ.

"ಅಕ್ಕಾರ, ಈ ಪ್ಯಾಟ್ಯಾಗ ಹೂವಿನ ಚೀಲದಾಗ ಚೇಳು ಸಿಕ್ಕಾವ, ಬೀಡಿ ಕಟ್ಟು ಸಿಕ್ಕಾವ, ಒಮ್ಮಿ ಹಲ್ಲಿನ ಸೆಟ್ಟ ಸಿಕ್ಕಿತ್ತು. ಲಿಂಗ ಮಾತ್ರ ಸಿಗಲಿಲ್ಲ ನೋಡ್ರಿ," ಎಂದ. ಅತ್ತೆ ಅದನ್ನು ಕೇಳಿ, ಒಣಗಿದ ಬಾಯಿಯಲ್ಲೇ, "ಹಲ್ಲಿನ ಸೆಟ್ಟ ಯಾರ್ದಂತ ಕೇಳು, ಪಾಪ ಯಾವ ಮುದುಕಿ ಉಪಾಸ ಅದಾಳೋ," ಎಂದರು.

ಆ ದಿನ ಇಡೀ ಹೊಲ ಹುಡುಕಿದೆವು. ಮರುದಿನವೂ ಹುಡುಕಿದೆವು. ಅತ್ತೆ ಹೂ ಬಿಡಿಸಿದ್ದು ರಸ್ತೆಯ ಬದಿಯ ಸಾಲುಗಳಲ್ಲಿ. ಅಲ್ಲಿಯ ಮಣ್ಣನ್ನು ಜರಡಿ ಹಿಡಿದೆವೆಂದರೆ ನೀವು ನಂಬಬೇಕು. ನಮ್ಮ ಜೊತೆ ಹೂ ಬಿಡಿಸುವ ಹನುಮಕ್ಕ, ಪಕ್ಕದ ಓಣಿಯವಳು, ತನ್ನ ಕುರಿಗಳನ್ನು ಗಂಡನ ಪಾಲಿಗೆ ಬಿಟ್ಟು ಬಂದು ಮೊಣಕಾಲೂರಿ ಹುಡುಕಿದಳು. ಮಠದ ಅಯ್ಯನವರೇ ಮನೆಗೆ ಬಂದರು. "ತಾಯಿ, ಲಿಂಗ ಕಳೆದಿಲ್ಲ, ಕಣ್ಣಿಗೆ ಮರೆಯಾಗಿದೆ. ನಾನು ಬೇರೆ ಕೊಡುತ್ತೇನೆ, ನೀರು ಕುಡಿಯಿರಿ," ಎಂದರು. ಅತ್ತೆ ಅವರ ಪಾದ ಮುಟ್ಟಿ, "ಬುದ್ಧಿ, ನಿಮ್ಮ ಮಾತು ತಲಿಮ್ಯಾಲ. ಇನ್ನೊಂದು ದಿನ ಹುಡುಕ್ತೀವಿ," ಎಂದು ಜಾರಿಕೊಂಡರು. ಎರಡನೆಯ ದಿನ ಸಂಜೆ ಹಡಗಲಿಯಿಂದ ಡಾಕ್ಟರು ಬಂದು ನಾಡಿ ಹಿಡಿದು, ನಾಳೆ ಬೆಳಿಗ್ಗೆ ಕರೆದುಕೊಂಡು ಬಂದುಬಿಡಿ, ಗ್ಲೂಕೋಸ್ ಏರಿಸೋಣ, ಇನ್ನೂ ತಡ ಮಾಡಿದರೆ ನನ್ನ ಕೈಯಲ್ಲಿಲ್ಲ ಎಂದರು.

"ಬಾಟ್ಲಿ ನೀರು ಸೂಜಿಯಾಗ ಹೋದ್ರ ಅದು ನೀರ ಅಲ್ಲೇನ್ರಿ ಡಾಕ್ಟ್ರ?" ಎಂದು ಅತ್ತೆ ಕೇಳಿದರು. ಡಾಕ್ಟರು ಚೀಲ ಮುಚ್ಚಿಕೊಂಡು ಎದ್ದರು. ಆದರೆ ಅತ್ತೆಯ ಧ್ವನಿ ಇಳಿದಿತ್ತು. ರಾತ್ರಿ ನಾನು ಒದ್ದೆ ಬಟ್ಟೆಯಿಂದ ಅವರ ಅಂಗಾಲು ಒರೆಸುತ್ತ ಕೂತೆ. ಅವರ ತುಟಿ ಬಿರಿದು ಬೇಲಿಯ ಒಣ ಕಳ್ಳಿಯ ಹಾಗಾಗಿತ್ತು. ನಮ್ಮ ಮನೆಯವರು ತಾಯಿಯ ಮುಖ ನೋಡಲಾರದೆ ಕಟ್ಟೆಯ ಮೇಲೆ ಮಲಗಿದ್ದರು.

ಇಷ್ಟೆಲ್ಲ ಇದ್ದರೂ ಮಲ್ಲಿಗೆ ಯಾರಿಗಾಗಿಯೂ ಕಾಯುವುದಿಲ್ಲ. ಹಿಂದಿನ ದಿನ ಹುಡುಕಾಟದಲ್ಲಿ ಅರ್ಧ ಹೊಲ ಬಿಡಿಸದೆ ಉಳಿದಿತ್ತು. ಅತ್ತೆಗೆ ಸ್ವಲ್ಪ ಜೋಂಪು ಹತ್ತಿದಾಗ ನಾನೊಬ್ಬಳೇ ಎದ್ದು ಬ್ಯಾಟರಿ ಕಟ್ಟಿಕೊಂಡು ಹೋದೆ. ಹನುಮಕ್ಕ ಆಮೇಲೆ ಬರುವವಳಿದ್ದಳು. ನಾನು ಹೋದದ್ದು ಹಳ್ಳದ ಕಡೆಯ ಸಾಲಿಗೆ. ಅಲ್ಲಿ ಬದು ಎತ್ತರ, ಮಣ್ಣು ಬರೀ ಮರಳು. ಅತ್ತೆ ಆ ಕಡೆ ಕಾಲಿಟ್ಟು ವಾರವೇ ಆಗಿರಬೇಕು.

ನಾಲ್ಕು ಗಿಡ ಬಿಡಿಸುವಷ್ಟರಲ್ಲಿ ನನ್ನ ಕೈ ಸೋತವು. ಬದುವಿನ ಮೇಲೆ ಕುಕ್ಕರಿಸಿ ಕೂತೆ. ಪ್ರಾರ್ಥನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆಯ ತವರು ಕೊಟ್ಟೂರಿನ ದೇವರ ಜೊತೆ ಜಗಳವೇ ಮಾಡಿದೆ. "ಕೊಟ್ರಯ್ಯ, ಆ ಮುದುಕಿ ನಿನ್ನ ಎದಿಮ್ಯಾಲ ಹೊತ್ಕೊಂಡು ಇಷ್ಟ ವರ್ಷ ತಿರಿಗ್ಯಾಳ. ನಿನಗ ಒಂದ ಸಲ ನಡಕೋಂತ ಬರಾಕ ಆಗಂಗಿಲ್ಲೇನು?" ಎಂದು ಗಟ್ಟಿಯಾಗಿಯೇ ಕೇಳಿದೆ. ಕೇಳಿ, ಏಳಲೆಂದು ಪಕ್ಕದ ನೆಲಕ್ಕೆ ಕೈ ಊರಲು ಹೋದೆ.

ಆಗ ಅದು ಬಂತು. ನನ್ನ ಕೈಗೂ ನೆಲಕ್ಕೂ ನಡುವೆ ಏನೋ ಸರ್ರನೆ ಹಾರಿ ಬಿತ್ತು. ಕೈ ಹಿಂದಕ್ಕೆ ಎಳೆದುಕೊಂಡು ಬೆಳಕು ಬಿಟ್ಟು ನೋಡಿದರೆ, ಅಂಗೈಯಷ್ಟು ಉದ್ದದ ಒಂದು ಜೀವ, ಬಾಯಲ್ಲಿ ಕರಿ ಚೇಳು. ನಾನು ಕೈ ಇಡಲಿದ್ದ ಜಾಗದಲ್ಲೇ ಆ ಚೇಳು ಇದ್ದದ್ದು. ಆ ಜೀವ ಚೇಳನ್ನು ಎರಡೂ ಮುಂಗಾಲಲ್ಲಿ ಹಿಡಿದು, ತಲೆಯ ಕಡೆಯಿಂದ ಶುರು ಮಾಡಿ, ನಾವು ಸಂಡಿಗೆ ತಿಂದ ಹಾಗೆ ಕರುಂ ಕರುಂ ಎಂದು ತಿಂದಿತು. ತಿಂದಾದ ಮೇಲೆ ಮುಂಗಾಲಿನಿಂದ ಮೂತಿ ಒರೆಸಿಕೊಂಡಿತು. ನನ್ನ ಹಣೆಯ ಬೆಳಕು ನೇರವಾಗಿ ಅದರ ಮೇಲೆ ಬಿದ್ದಿದ್ದರೂ ಅದಕ್ಕೆ ಹೆದರಿಕೆಯೇ ಇರಲಿಲ್ಲ. ಊಟ ಮಾಡುವಾಗ ಅತಿಥಿ ಬಂದರೆ ಕೆಲವರು ತಲೆ ಎತ್ತುವುದಿಲ್ಲವಲ್ಲ, ಹಾಗೆ.

ನಾನು ಹೊಲದವಳು. ಇಲಿ, ಹೆಗ್ಗಣ, ಸೊಂಡಿಲಿ, ಅಳಿಲು ಎಲ್ಲ ನೋಡಿದ್ದೇನೆ. ಇದು ಅವು ಯಾವುವೂ ಅಲ್ಲ. ಮೂತಿ ಸೊಂಡಿಲಿಯ ಹಾಗೆ ಚೂಪು, ಆದರೆ ಕಣ್ಣು ದೊಡ್ಡವು, ಕಪ್ಪು ಮಣಿಯಂತೆ ಹೊಳೆಯುತ್ತಿದ್ದವು. ಮೈ ಬೂದಿ ಬಣ್ಣ. ಬಾಲ ಬುಡದಲ್ಲಿ ದಪ್ಪ, ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ದೇವರಿಗೆ ಬೀಸುವ ಚಾಮರ ಇರುತ್ತದಲ್ಲ, ಅದನ್ನೇ ಬೊಂಬೆಗೆ ಮಾಡಿದ ಹಾಗೆ ಇತ್ತು. ಅದು ಹಿಂಗಾಲ ಮೇಲೆ ನಿಂತು ನನ್ನ ಕಡೆ ನೋಡಿತು. ಆಗ ಅದರ ಹೊಟ್ಟೆ ಕಂಡಿತು. ಹೊಟ್ಟೆಯ ಕೆಳಗೆ ಚರ್ಮದ ಒಂದು ಮಡಿಕೆ, ಅದರೊಳಗೆ ನೆನೆಸಿದ ಶೇಂಗಾ ಬೀಜದಂಥ ಕೆಂಪು ಕೆಂಪು ಮರಿಗಳು ಒತ್ತಿಕೊಂಡಿದ್ದವು. ನನಗೆ ತೋಚಿದ್ದು ಒಂದೇ ಮಾತು. ಅಯ್ಯೋ ಶಿವನೇ, ಇದೂ ನಮ್ಮ ಹಾಗೆ ಉಡಿ ಕಟ್ಟಿಕೊಂಡು ಕೆಲಸಕ್ಕೆ ಬಂದಿದೆ!

ನಕ್ಕುಬಿಟ್ಟೆ. ಎರಡು ದಿನದ ನಂತರ ಅದೇ ಮೊದಲ ನಗು. ಅದು ಬಾಲವನ್ನು ನೆಟ್ಟಗೆ ಎತ್ತಿ ಬದುವಿನುದ್ದಕ್ಕೂ ಓಡಿತು, ಸ್ವಲ್ಪ ದೂರ ಹೋಗಿ ನಿಂತಿತು. ನಾನು ಹಿಂದೆ ಹೋದೆ. ಭಕ್ತಿಯಿಂದ ಹೋದೆ ಎಂದು ತಿಳಿಯಬೇಡಿ, ಬರೀ ಕುತೂಹಲ. ಇಂಥ ಉಡಿಯವಳ ಮನೆ ಎಲ್ಲಿದೆ ನೋಡೋಣ ಎಂದಷ್ಟೇ. ಬದು ತಿರುಗುವಲ್ಲಿ ಒಂದು ಬಿಲ. ಅದು ತಲೆ ಒಳಗೆ ಹಾಕಿ ಬರಬರನೆ ಮರಳು ತೋಡಲು ಶುರು ಮಾಡಿತು. ಮರಳು ಹಿಂದಕ್ಕೆ ಚಿಮ್ಮಿ ನನ್ನ ಕಾಲಿನ ಮೇಲೆ ಬೀಳುತ್ತಿತ್ತು. ಹಬ್ಬದ ಮುಂದೆ ಮನೆ ಸ್ವಚ್ಛ ಮಾಡುವವಳು ಬೇಡದ್ದನ್ನೆಲ್ಲ ಅಂಗಳಕ್ಕೆ ಎಸೆಯುವ ಹಾಗೆ. ಆ ಮರಳಿನ ಜೊತೆಗೆ ಗುಂಡಗಿನ ಏನೋ ಒಂದು ಬಂದು ನನ್ನ ಹೆಬ್ಬೆರಳಿಗೆ ತಾಗಿತು. ಕಲ್ಲು ಎಂದುಕೊಂಡೆ. ಬಗ್ಗಿ ನೋಡಿದರೆ ಅದಕ್ಕೆ ಬಿಳಿ ಬಟ್ಟೆಯ ಗಂಟು ಇತ್ತು.

ಆಮೇಲೆ ಬಿಲದ ಕಡೆ ನೋಡಿದೆನೋ ಇಲ್ಲವೋ ನೆನಪಿಲ್ಲ. ಗಂಟನ್ನು ಎದೆಗೆ ಒತ್ತಿಕೊಂಡು ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ, ಬುಟ್ಟಿ ಎಲ್ಲಿ ಬಿಟ್ಟೆನೋ. ಹೊಲದ ದಾರಿಯಿಂದಲೇ "ಅತ್ತೀ! ಸಿಕ್ಕತ್ರೀ ಅತ್ತೀ!" ಎಂದು ಕೂಗುತ್ತ ಬಂದದ್ದಕ್ಕೆ ಓಣಿಯ ನಾಯಿಗಳೆಲ್ಲ ಎದ್ದವು. ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಬಟ್ಟೆ ಬಿಚ್ಚಿ ಅವರ ಅಂಗೈ ಮೇಲೆ ಇಟ್ಟೆ. ದೀಪದ ಬೆಳಕಿಗೆ ಹಿಡಿದು, ಭಿನ್ನವಾಗಿದೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರು ಇರಲಿಲ್ಲ. ಲಿಂಗದ ಮೇಲಿನ ಕಪ್ಪು ಲೇಪ, ಆ ಕಂತಿ, ಹಾಗೇ ಹೊಳೆಯುತ್ತಿತ್ತು. ಆಗ ಅತ್ತರು ನೋಡಿ. ಅಳಲು ಮೈಯಲ್ಲಿ ನೀರೇ ಇರಲಿಲ್ಲ, ಬರೀ ಭುಜ ಅಲುಗಿತು.

ಸ್ನಾನ ಮಾಡಿಸಿ, ಹೊಸ ದಾರ ಹಾಕಿ, ಪೂಜೆ ಮುಗಿಸಿದ ಮೇಲೆ ನಮ್ಮ ಮನೆಯವರು ತಾವೇ ತಾಯಿಗೆ ನೀರು ಕುಡಿಸಿದರು. ಅವಸರಕ್ಕೆ ಅರ್ಧ ನೀರು ಅತ್ತೆಯ ಸೀರೆಗೆ ಹೋಯಿತು. "ಕುಡಸ್ತೀಯೋ ಮತ್ತೊಮ್ಮಿ ಜಳಕ ಮಾಡಸ್ತೀಯೋ?" ಎಂದು ಅತ್ತೆ ಗದರಿದರು. ಆ ಗದರಿಕೆ ಕೇಳಿ ಮನೆಯ ಮೇಲಿದ್ದ ಭಾರವೇ ಇಳಿದ ಹಾಗಾಯಿತು. ಬೆಳಗಾಗುವ ಹೊತ್ತಿಗೆ ಅರ್ಧ ಊರು ನಮ್ಮ ಕಟ್ಟೆಯ ಮೇಲಿತ್ತು. ದೂರದ ಸಂಬಂಧದ ಒಬ್ಬಾಕೆ, "ಇಲಿ ಬಾಯಾಗ ಹೋಗಿ ಬಂದದ್ದು, ಮೈಲಿಗಿ ಆಗಿಲ್ಲೇನು?" ಎಂದು ರಾಗ ತೆಗೆದಳು. ಅತ್ತೆ ಅಂಬಲಿ ಕುಡಿಯುತ್ತಲೇ, "ಲಿಂಗಕ್ಕ ಮೈಲಿಗಿ ಇಲ್ಲವ್ವ. ಮೈಲಿಗಿ ಇರೋದು ನಿನ್ನ ನಾಲಿಗ್ಯಾಗ," ಎಂದರು.

ನಾನು ಕಂಡದ್ದನ್ನು ಕಂಡ ಹಾಗೆ ಎಲ್ಲರಿಗೂ ಹೇಳಿದೆ. ಉಡಿಯ ವಿಷಯ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹನುಮಕ್ಕ, "ಅದು ಹೊಲದ ಇಲಿ ಬಿಡವ್ವ. ಅದರ ಬಾಲದ ತುದಿಗೂ ಕೂದ್ಲ ಇರ್ತಾವ," ಎಂದಳು.

"ಇಲಿ ಎಲ್ಯಾರ ಚೇಳು ತಿಂತೈತೇನ?" ಎಂದೆ.

"ಹಸದ್ರ ನನ್ನ ಗಂಡ ನಾ ಮಾಡಿದ ಸಾರೂ ಉಣ್ತಾನ. ಇಲಿ ಚೇಳು ತಿನ್ನೋದೇನ ದೊಡ್ಡದು?"

ಬಿಸಿಲೇರಿದ ಮೇಲೆ ನಮ್ಮ ಮನೆಯವರು ನನ್ನ ಜೊತೆ ಬಂದು ಜಾಗ ನೋಡಿದರು. ನನ್ನ ಚಪ್ಪಲಿ ಅಲ್ಲೇ ಇದ್ದವು, ಬುಟ್ಟಿ ಇತ್ತು, ತಿರುವಿನಲ್ಲಿ ಬಿಲವೂ ಇತ್ತು. ಆದರೆ ಬಿಲದ ಬಾಯಿಗೆ ಜೇಡರ ಬಲೆ ಕಟ್ಟಿತ್ತು. ಹೊಸ ಬಲೆಯಲ್ಲ, ಧೂಳು ಹಿಡಿದು ಬಟ್ಟೆಯಂತಾದ ಹಳೆಯ ಬಲೆ. ಮುಂದೆ ಮರಳಿನ ಗುಡ್ಡೆ ಇರಲಿಲ್ಲ. ನಮ್ಮ ಮನೆಯವರು ತಲೆ ಕೆರೆದುಕೊಂಡು, "ಕತ್ತಲಾಗ ಬ್ಯಾರೆ ಬಿಲ ನೋಡಿರ್ತಿ," ಎಂದರು. ಇರಬಹುದು ಎಂದು ನಾನೂ ಒಪ್ಪಿದೆ. ಬೇರೆ ಬಿಲ ಮಾತ್ರ ಇಬ್ಬರಿಗೂ ಸಿಗಲಿಲ್ಲ.

ಹಾಗೆಂದು ನಾನು ಅದನ್ನು ದೊಡ್ಡದು ಮಾಡಲಿಲ್ಲ. ಹೇಗೋ ಉರುಳಿ ಹೋದದ್ದನ್ನು ಹೇಗೋ ಒಂದು ಇಲಿ ಎಳೆದುಕೊಂಡು ಹೋಗಿರಬೇಕು. ಲಿಂಗದ ಮೇಲೆ ದಿನಾ ತುಪ್ಪದ ದೀಪದ ಕೈ, ವಿಭೂತಿಯ ಕೈ. ವಾಸನೆಗೆ ಬಂದಿರಬೇಕು. ಉಡಿ ಗಿಡಿ ಎಂದದ್ದೆಲ್ಲ ಎರಡು ದಿನ ನಿದ್ದೆಗೆಟ್ಟ ಕಣ್ಣಿನ ಕೆಲಸ. ಅತ್ತೆ ಉಳಿದರಲ್ಲ, ಅದು ಸಾಕು. ಹೀಗೆ ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯಲು ಕೂರುತ್ತಲೇ ಇರಲಿಲ್ಲ.

ಹೋದ ವರ್ಷ ಹರಪನಹಳ್ಳಿಗೆ ಕೊಟ್ಟ ನಮ್ಮ ಮಗಳು ಶಿವಲೀಲಾ ರಜೆಗೆ ಬಂದಿದ್ದಳು. ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಮಂಚದ ಮೇಲೆ ಬತ್ತಿ ಹೊಸೆಯುತ್ತಿದ್ದರು, ಮಗಳು ಟೀವಿಯಲ್ಲಿ ಪ್ರಾಣಿಗಳ ಕಾರ್ಯಕ್ರಮ ಹಾಕಿದ್ದಳು. ಆಸ್ಟ್ರೇಲಿಯಾದ ಮರುಭೂಮಿ. ಕೆಂಪು ನೆಲ, ಕಲ್ಲು, ಒಣ ಹುಲ್ಲು. ನಮ್ಮ ಕೂಡ್ಲಿಗಿ ಕಡೆಯ ಹಾಗೇ ಇದೆಯಲ್ಲ ಎಂದು ತಲೆ ಎತ್ತಿದೆ. ಕಲ್ಲಿನ ಸಂದಿಯಿಂದ ಒಂದು ಪ್ರಾಣಿ ಹೊರಗೆ ಬಂದು ಹಿಂಗಾಲ ಮೇಲೆ ನಿಂತಿತು. ಚೂಪು ಮೂತಿ, ಮಣಿ ಕಣ್ಣು, ಬಾಲದ ತುದಿಗೆ ಕಪ್ಪು ಕುಚ್ಚು.

ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡುವ ತನಕ ನಾನು ಹಾಗೇ ನಿಂತಿದ್ದೆ. ಅದೇ. ಆ ಬಾಲ ಎತ್ತುವ ರೀತಿಯೂ ಅದೇ. ಮಗಳು ಇಂಗ್ಲಿಷಿನಲ್ಲಿ ಹೇಳುವುದನ್ನು ನಮಗೆ ಬಿಡಿಸಿ ಬಿಡಿಸಿ ಹೇಳಿದಳು. ಅದರ ಹೆಸರು ಕೊವಾರಿ ಅಂತೆ. ಹಗಲೆಲ್ಲ ಬಿಲದೊಳಗೆ ಮಲಗುತ್ತದಂತೆ, ರಾತ್ರಿ ಹೊರಗೆ ಬಂದು ಹುಳ, ಜೇಡ, ಚೇಳು ಏನು ಸಿಕ್ಕರೂ ತಿನ್ನುತ್ತದಂತೆ. ಮಣ್ಣು ತೋಡುವುದರಲ್ಲಿ ಬಲು ಚುರುಕು. ಕಾಂಗರೂವಿನ ಕುಲದ್ದು, ಹಾಗಾಗಿ ಮರಿಗಳನ್ನು ಹೊಟ್ಟೆಯ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ, ಸ್ವಲ್ಪ ಬೆಳೆದ ಮೇಲೆ ಬೆನ್ನಿನ ಮೇಲೆ ಕೂರಿಸಿಕೊಳ್ಳುತ್ತದೆ. ಅಲ್ಲಿ ನೀರು ಸಿಗುವುದಿಲ್ಲವಲ್ಲ, ಅದಕ್ಕೆ ನೀರನ್ನೇ ಕುಡಿಯದೆ ಬದುಕುತ್ತದಂತೆ. ತಿನ್ನುವ ಹುಳದಲ್ಲಿರುವ ಪಸೆಯೇ ಅದಕ್ಕೆ ಸಾಕು.

"ಇದು ನಮ್ಮ ಹಳ್ಳದ ಬದುವಿನ್ಯಾಗ ಐತಿ," ಎಂದೆ.

"ಅವ್ವಾ, ಇದು ನಮ್ಮ ದೇಶದಾಗ ಎಲ್ಲೂ ಇಲ್ಲ. ಆ ಮರುಭೂಮಿ ಬಿಟ್ರ ಭೂಮಿ ಮ್ಯಾಲ ಎಲ್ಲೂ ಇಲ್ಲ. ನೀ ಕಂಡಿದ್ದು ಇಲಿ. ಈಗ ಟೀವಿ ನೋಡಿ ನಿನ್ನ ಮನಸ್ಸು ಅದಕ್ಕ ಬಾಲ ಹಚ್ಚಾಕತ್ತತಿ," ಎಂದು ಮಗಳು ನಕ್ಕಳು.

ಆದರೆ ಉಡಿಯ ಮಾತನ್ನು ನಾನು ಟೀವಿ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಹೇಳಿದ್ದೆನಲ್ಲ. ಹನುಮಕ್ಕನನ್ನು ಕರೆಸಿ ಕೇಳಿದೆವು. ಅವಳಿಗೆ ಚೆನ್ನಾಗಿ ನೆನಪಿತ್ತು. "ಉಡಿ ಅಂದಿದ್ದಿ, ಶೇಂಗಾ ಬೀಜ ಅಂದಿದ್ದಿ. ನಕ್ಕು ನಕ್ಕು ನನ್ನ ಪಕ್ಕಡಿ ಹಿಡದಿತ್ತು," ಎಂದಳು. ಟೀವಿಯ ಮುಂದೆ ಕೂತು ಆ ಪ್ರಾಣಿಯನ್ನು ನೋಡಿದ ಮೇಲೆ ಅವಳೂ ನಗಲಿಲ್ಲ. ಮಗಳ ನಗೆಯೂ ನಿಂತಿತು. ಯಾರೋ ಸಾಕಲು ತಂದದ್ದು ತಪ್ಪಿಸಿಕೊಂಡಿರಬಹುದು ಎಂದು ಅವಳೇ ಹೇಳಿದಳು. ಮತ್ತೆ, ಇಟ್ಟಿಗಿ ರಸ್ತೆಯಲ್ಲಿ ಯಾರು ತಂದು ಸಾಕುತ್ತಾರೆ ಎಂದು ಅವಳೇ ಕೇಳಿಕೊಂಡಳು.

ಅತ್ತೆ ಮಾತ್ರ ಬತ್ತಿ ಹೊಸೆಯುವುದನ್ನು ಬಿಡಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಅದು ನೀರ ಕುಡಿಯಂಗಿಲ್ಲ ಅಂದ್ಳಲ್ಲ ನಿನ್ನ ಮಗಳು, ಖರೇನ?"

"ಖರೇನ ಅಂತ್ರಿ ಅತ್ತಿ."

"ಗಟ್ಟಿ ಐತಿ. ನನ್ನಂಗ ಅಲ್ಲ," ಎಂದರು. ಇನ್ನೊಂದು ಬತ್ತಿ ಹೊಸೆದಿಟ್ಟು, "ಒಂದ ಮಾತು ಯಾರಿಗೂ ಹೇಳಿಲ್ಲ, ಕೇಳು. ನೀ ಲಿಂಗ ತಂದ ನಸುಕಿನ್ಯಾಗ ನಾ ಎದ್ದು ಗ್ವಾಡಿ ಹಿಡಕೊಂಡು ಅ‌ಡಿಗಿಮನಿಗೆ ಹೋಗಿದ್ನಿ. ತಂಬಿಗಿ ಎತ್ತಿದ್ನಿ. ತುಟಿಗೆ ಅದರ ತಂಪು ತಾಗಿತ್ತು. ಕುಡದು, ಬಾಯಿ ಒರಸ್ಕೊಂಡು, ಯಾರಿಗೂ ತಿಳೀದಂಗ ಮತ್ತ ಉಪಾಸ ಕುಂದರ್ಬೇಕು ಅಂತ ಮಾಡಿದ್ನಿ. ಅಷ್ಟರಾಗ ನೀ ಒದರಿದ್ದು ಕೇಳಿಸ್ತು," ಎಂದರು.

"ಕುಡಿದಿದ್ರ ಏನ್ ಆಗ್ತಿತ್ರೀ? ಶಿವಾ ಸಿಟ್ಟಿಗೇಳ್ತಿದ್ನೇನು?" ಎಂದೆ.

"ಆತಗೇನ್ ಆಗ್ತಿತ್ತು, ಆತ ನನಗಿಂತಾ ದೊಡ್ಡಾವ. ನಾ ಸಾಯೋತನಕ ನಿಮ್ಮೆಲ್ಲರ ಮುಂದ ಸುಳ್ಳ ಮಾರಿ ಹೊತ್ಕೊಂಡು ತಿರಗತಿದ್ನಿ. ಊರು ಮಂದಿ ಕಾಲಿಗೆ ಬೀಳ್ತಿದ್ರು, ನಾ ಆಶೀರ್ವಾದ ಮಾಡ್ತಿದ್ನಿ. ಅದಕ್ಕಿಂತಾ ಸತ್ತಿದ್ರ ಚಲೋ ಇತ್ತು," ಎಂದರು. ಆಮೇಲೆ ತಮ್ಮಷ್ಟಕ್ಕೆ ನಕ್ಕು, "ಬೇಕಾದ್ರ ಇದನ್ನೂ ನಾಕ ಮಂದಿಗೆ ಹೇಳು. ಈ ವಯಸ್ಸಿನಾಗ ನನಗ ಯಾರ ಅಂಜಿಕಿ?" ಎಂದು ಬತ್ತಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಅಂದಿನಿಂದ ಆ ಪ್ರಾಣಿ ಎಲ್ಲಿಂದ ಬಂತು ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ದೂರ ಎಷ್ಟೇ ಇದ್ದರೂ ದಾರಿ ಎನ್ನುವುದೊಂದು ಇರುತ್ತದೆ. ಹಡಗಿರಬಹುದು, ಹುಲ್ಲಿನ ಮೂಟೆ ಇರಬಹುದು, ಯಾರದೋ ಪಂಜರ ಇರಬಹುದು. ನನ್ನ ಕಣ್ಣೇ ಮೋಸ ಮಾಡಿದ್ದರೂ ಮಾಡಿರಬಹುದು. ಆದರೆ ಬಾಯಾರಿದ ಒಬ್ಬ ಮುದುಕಿಯ ತುಟಿಗೂ ತಂಬಿಗೆಗೂ ನಡುವೆ ಇದ್ದದ್ದು ಎಷ್ಟು ಜಾಗ? ಅಷ್ಟು ಸಣ್ಣ ಜಾಗಕ್ಕೆ ಸರಿಯಾಗಿ ಅದು ಹೇಗೆ ಬಂದು ಸೇರಿತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.